ನಡುವಿನ ಪೆಡಲು

ಬೈಗುಳ ಬೀಳದೆ ನಮ್ಮೂರ ಬಸ್ಸು ಹೊರಡುತ್ತಿರಲಿಲ್ಲ. ಬೈಯುವ ಕೆಲಸ ನನ್ನದು. ನನ್ನನ್ನು ಬಲ್ಲವರು ಈ ಮಾತಿಗೆ ನಗಬೇಕು, ಯಾಕೆಂದರೆ ಒಲೆ ಮುಂದೆ ಬಂದು ಕೂತ ಬೆಕ್ಕನ್ನೂ ‘ಏಳಮ್ಮ, ಒಸಿ ಆ ಕಡೆ ಹೋಗು’ ಅಂತ ಕೇಳಿಕೊಳ್ಳುವವಳು ನಾನು. ಆದರೆ ಬಸ್ಸಿನ ಡ್ರೈವರು ನಮ್ಮ ಯಜಮಾನರು. ಅವರಿಗೆ ಸ್ಟೇರಿಂಗು ಹಿಡಿಯೋದು ಕಲಿಸಿದ ಉಸ್ತಾದನಿಗೆ ಬಾಯಿ ತೆರೆದರೆ ಬೈಗುಳ, ಮುಚ್ಚಿದರೆ ಬೀಡಿ. ಇವರು ಬೈಸಿಕೊಂಡೇ ಕಲಿತರು, ಹಾಗಾಗಿ ಬೈದರೇ ಇವರಿಗೆ ಗೇರು ನೆನಪಾಗೋದು. ಉಸ್ತಾದ ಸತ್ತ ಮೇಲೆ ಆ ಜಾಗಕ್ಕೆ ಯಾರಾದರೂ ಬೇಕಲ್ಲ? ಎಂಜಿನ್ನಿನ ಬಾನೆಟ್ಟಿನ ಮೇಲೆ ಗೋಣಿಚೀಲ ಹಾಸಿಕೊಂಡು ನಾನು ಕೂತೆ. ಮನೆಯಲ್ಲಿ ಅವರ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಬಸ್ಸು ಹತ್ತಿದ್ದೇ ತಡ, ‘ಲೋ ಓಬಳ, ಕೋಣ, ಕ್ಲಚ್ಚು ತುಳಿಯೋ, ನಿನ್ನ ಮುಖಕ್ಕೆ ಮಂಗಳಾರತಿ!’ ಅಂತ ಶುರು. ಅವರ ಕೈಕಾಲು ತಂತಾನೇ ಆಡೋವು. ಇಳಿದ ಮೇಲೆ ಮತ್ತೆ ಬಹುವಚನ, ‘ಒಂದು ಲೋಟ ಕಾಫಿ ಕುಡೀತೀರಾ?’

ನಮ್ಮೂರಲ್ಲಿ ಎಲ್ಲರದೂ ಇದೇ ಪಾಡು. ಕಲಿಯುವಾಗ ಏನಿತ್ತೋ ಅದು ಜೊತೆಗಿದ್ದರೆ ವಿದ್ಯೆ ಬಂತು, ಇಲ್ಲದಿದ್ದರೆ ಇಲ್ಲ. ಕಿರಾಣಿ ಅಂಗಡಿಯ ಮಲ್ಲಣ್ಣ ಮಗ್ಗಿ ಕಲಿತದ್ದು ಮೇಷ್ಟ್ರ ಕೈಲಿ ನೆತ್ತಿಗೆ ಕುಟ್ಟಿಸಿಕೊಂಡು. ಸಾಮಾನು ಕಟ್ಟಿಸಿಕೊಂಡಾದ ಮೇಲೆ ನಾವೇ ಮುಂದಕ್ಕೆ ಬಾಗಿ ಅವನ ನೆತ್ತಿಗೊಂದು ಕುಟ್ಟಿ ‘ಎಷ್ಟಾಯ್ತಪ್ಪ?’ ಅನ್ನಬೇಕು. ಹಳೇ ಗಿರಾಕಿಗಳು ಮೆಲ್ಲಗೆ ಕುಟ್ಟುತ್ತಾರೆ. ಸೋಬಾನೆ ಹಾಡುವ ಪುಟ್ಟಚ್ಚಿ ರಾಗಿ ಬೀಸುತ್ತಾ ಹಾಡು ಕಲಿತವಳು. ಮದುವೆಮನೆಗೆ ಅವಳನ್ನು ಕರೆದರೆ ಬೀಸುವ ಕಲ್ಲನ್ನೂ ಗಾಡಿಯಲ್ಲಿ ತರಿಸಬೇಕು. ನಾನು ಶಾಲೆಗೆ ಹೋದದ್ದು ಕಿವಿ ಹಿಂಡಿಸಿಕೊಂಡು ಬರುವಷ್ಟು ದಿನ ಮಾತ್ರ. ಈಗಲೂ ಯಾರಾದರೂ ನನ್ನ ಕಿವಿ ಹಿಂಡಿದರೆ ಅ ಆ ಇ ಈ ಗುರುತು ಸಿಗುತ್ತದೆ, ಬಿಟ್ಟರೆ ಬರೀ ಗೆರೆ. ಹೊರಗಿನವರು ಬಂದರೆ ಕಾಲಿಗೆ ನೀರು ಕೊಡುವ ಮುಂಚೆ ನಾವು ಕೇಳುವ ಮಾತೇ ‘ನೀವು ಹೆಂಗೆ ಕಲಿತದ್ದು?’ ಅಂತ. ನಮ್ಮ ಊರಿಗೆ ಕಾಲಿಟ್ಟ ಮೇಲೆ ಅವರಿಗೂ ಇದೇ ಪಾಡು ನೋಡಿ, ಅವರ ಅನುಕೂಲಕ್ಕೇ ಕೇಳೋದು.

ಅದಕ್ಕೇ ಮೊಮ್ಮಗಳು ಸರ್ವಮಂಗಳ ಹುಟ್ಟಿದಾಗ ನಾನು ಒಂದು ಹಟ ಹಿಡಿದೆ, ಈ ಕೂಸಿಗೆ ಬೈದು ಏನನ್ನೂ ಕಲಿಸಕೂಡದು ಅಂತ. ಬೈದು ಕಲಿಸಿದರೆ ಸಾಯೋ ತನಕ ಬೈಯುವವರೊಬ್ಬರು ಬೇಕು. ಬೈಸಿಕೊಳ್ಳುವವರ ಪಾಡು ಎಲ್ಲರಿಗೂ ಕಾಣುತ್ತೆ, ಬೈಯುವವರ ಗಂಟಲಿನ ಪಾಡು ನನಗೊಬ್ಬಳಿಗೇ ಗೊತ್ತು. ಸರ್ವಿ ಎಲ್ಲವನ್ನೂ ಮುದ್ದಿನಲ್ಲೇ ಕಲಿತಳು. ಈಗಲೂ ಅವಳು ರೊಟ್ಟಿ ತಟ್ಟಬೇಕಾದರೆ ಪಕ್ಕದಲ್ಲಿ ಯಾರಾದರೂ ‘ನನ್ನ ಬಂಗಾರಿ’ ಅನ್ನಬೇಕು. ಅಷ್ಟು ಅಂದರೆ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ.

ಹೀಗಿರುವಾಗ ಯಜಮಾನರ ಕಣ್ಣಿಗೆ ಪೊರೆ ಬಂತು. ಎದುರಿಗೆ ನಿಂತ ಎಮ್ಮೆಗೆ ಹಾರ್ನು ಹೊಡೆಯುವ ಬದಲು ಹಾರ್ನು ಹೊಡೆದ ಮೇಲೆ ಅದು ಎಮ್ಮೆ ಅಂತ ಗೊತ್ತಾಗುವ ಮಟ್ಟಕ್ಕೆ ಬಂದರು. ಘಟ್ಟದ ಕೆಳಗಿನ ಡಿಪೋದವರು ಬೇರೆ ಡ್ರೈವರುಗಳನ್ನು ಕಳಿಸಿ ನೋಡಿದರು. ಒಬ್ಬ ಬಂದ, ಅವನು ಕಲಿಯುವಾಗ ಅವರಣ್ಣ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದನಂತೆ. ಅಣ್ಣನನ್ನು ಕರೆಸಿದೆವು, ಪಾಪ, ಆ ಅಣ್ಣನಿಗೆ ಹೊಸ ಜಾಗದಲ್ಲಿ ನಿದ್ದೆಯೇ ಹತ್ತಲಿಲ್ಲ. ಕಡೆಗೆ ಡಿಪೋದಿಂದ ಹೇಳಿ ಕಳಿಸಿದರು: ಸುಗ್ಗಿ ಮುಗಿಯುವುದರೊಳಗೆ ನಿಮ್ಮೂರಲ್ಲೇ ಒಬ್ಬ ಡ್ರೈವರು ತಯಾರಾಗಬೇಕು, ನಮ್ಮ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ, ಇಲ್ಲದಿದ್ದರೆ ಬಸ್ಸನ್ನು ಕೆಳಗೆ ತಗೊಂಡು ಹೋಗುತ್ತೇವೆ. ಆ ಬಸ್ಸು ಹೋದರೆ ನಮ್ಮ ಘಟ್ಟಕ್ಕೆ ಇನ್ನೊಂದು ಬಾರದು.

‘ನಾನು ಓಡಿಸ್ತೀನಿ ಅಜ್ಜಿ,’ ಅಂದಳು ಸರ್ವಿ. ಕೂಸಾಗಿದ್ದಾಗ ಆ ಬಾನೆಟ್ಟಿನ ಬಿಸಿಯಲ್ಲಿ ನನ್ನ ಮಡಿಲಲ್ಲಿ ಮಲಗಿ ಬೆಳೆದವಳು. ಅವಳಿಗೆ ಬೇರೆ ಯಾವ ಕೆಲಸವೂ ಕಣ್ಣಿಗೆ ಬಿದ್ದದ್ದೇ ಇಲ್ಲ. ಆದರೆ ಕಲಿಸೋರು ಯಾರು? ಅವಳಜ್ಜ ಬಾಯಿ ತೆರೆದರೆ ಉಸ್ತಾದನ ವಿದ್ಯೆಯೇ ಬರೋದು. ‘ಅದೊಂದು ಬೇಡ’ ಅಂತ ನಾನು ಅಡ್ಡ ನಿಂತೆ. ಅಜ್ಜ ಮೊಮ್ಮಗಳು ಇಬ್ಬರೂ ಎರಡು ದಿಕ್ಕಿಗೆ ಮುಖ ತಿರುಗಿಸಿ ಕೂತರು.

ಆಗ ಒದಗಿದವರು ಗಡಿಯಾರ ರಿಪೇರಿ ಬುಡೇನ್ ಸಾಬರು. ಪೇಟೆಗೆ ಹೋದವರು ಒಂದು ಆಟದ ಪೆಟ್ಟಿಗೆ ಹೊತ್ತು ತಂದರು. ಟೀವಿಯಂಥ ಪರದೆ, ಅದರ ಮುಂದೆ ನಿಜವಾದ ಸ್ಟೇರಿಂಗು, ಗೇರು, ಕೆಳಗೆ ಮೂರು ಪೆಡಲು. ಪರದೆಯ ಮೇಲೆ ಘಟ್ಟದ ರಸ್ತೆ, ರಸ್ತೆಯ ಮೇಲೆ ಹಳದಿ ಬಸ್ಸು. ಶುರು ಮಾಡಿದರೆ ‘ಟಿಂಗಿರಿ ಟಿಂಗಿರಿ ಟೀಂ’ ಅಂತ ಒಂದು ರಾಗ ಬಿಡದೆ ನುಡಿಯೋದು. ಅಯ್ಯೋ, ಆ ದಿನದ ಗದ್ದಲ ಏನು ಹೇಳಲಿ! ಸಾಬರ ಅಂಗಡಿ ಮುಂದೆ ಊರಿಗೂರೇ ನೆರೆಯಿತು. ಪುಟ್ಟಚ್ಚಿ ಬೀಸುವ ಕಲ್ಲನ್ನೇ ಅಲ್ಲಿಗೆ ಉರುಳಿಸಿಕೊಂಡು ಬಂದಳು, ನೋಡಿದ ಹಾಗೂ ಆಯಿತು, ಕೂತ ಹಾಗೂ ಆಯಿತು ಅಂತ. ಸರ್ವಿ ಸ್ಟೇರಿಂಗು ಹಿಡಿದಳು. ಮೊದಲ ತಿರುವಿನಲ್ಲೇ ಬಸ್ಸು ಪ್ರಪಾತಕ್ಕೆ ಹಾರಿತು. ನಾನು ಕಣ್ಣು ಮುಚ್ಚಿ ತೆರೆದೆ. ನೋಡಿದರೆ ಬಸ್ಸು ಮಿಣುಕು ಮಿಣುಕು ಅಂತ ಮತ್ತೆ ಶುರುವಿನ ಜಾಗದಲ್ಲೇ ನಿಂತಿದೆ! ಸರ್ವಿ ಕಿಲಕಿಲ ನಕ್ಕು ಮತ್ತೆ ಹೊರಟಳು. ಬಿದ್ದಳು, ಎದ್ದಳು, ನಕ್ಕಳು. ಒಂದು ಮಾತು ಬೈಯದೆ, ಒಂದು ಏಟು ಹೊಡೆಯದೆ, ಸಂಜೆಯಾಗುವ ಹೊತ್ತಿಗೆ ಆ ಯಂತ್ರ ಅವಳಿಗೆ ತಿರುವುಗಳನ್ನೆಲ್ಲ ಕಲಿಸಿಬಿಟ್ಟಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು. ಬಿದ್ದರೂ ನಗುತ್ತಾ ಏಳುವ ಕಲಿಕೆಯನ್ನು ನಾನು ಕಂಡದ್ದು ಅದೇ ಮೊದಲು.

‘ಬುಡೇನ್, ಆ ಬಸ್ಸಿನಲ್ಲಿ ಜನವೇ ಇಲ್ಲವಲ್ಲೋ?’ ಅಂತ ಕೇಳಿದೆ.

‘ಜನ ಇದ್ರೆ ಹಿಂಗೆ ಹಾರಿಸೋಕೆ ಆಗ್ತದಾ ಅಕ್ಕಾ?’ ಅಂದರು ಸಾಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇನ್ನೊಂದು ಸಂಗತಿ ಆಗ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆ ಆಟದಲ್ಲಿ ಬೇಗ ಹೋದಷ್ಟೂ ‘ಟಿಣ್’ ಅಂತ ಚುಕ್ಕಿ ಬೀಳೋವು. ನಿಧಾನ ಮಾಡಿದರೆ ಬಿದ್ದ ಚುಕ್ಕಿಯೂ ಆರಿ ಹೋಗೋದು. ಹಾಗಾಗಿ ನಡುವಿನ ಪೆಡಲನ್ನು ಯಾರೂ ತುಳಿಯುತ್ತಲೇ ಇರಲಿಲ್ಲ. ಬುಡೇನ್ ಸಾಬರಿಗೆ ಬಳಸದ ವಸ್ತು ಕಂಡರೆ ಆಗದು. ಅದನ್ನು ಕಿತ್ತು, ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಂಗಡಿ ಬಾಗಿಲಿಗೆ ಒತ್ತು ಕೊಟ್ಟಿದ್ದರು. ಪೆಡಲಿದ್ದ ಜಾಗ ಉದುರಿದ ಹಲ್ಲಿನ ಸಂದಿಯ ಹಾಗೆ ಬಾಯಿ ಬಿಟ್ಟಿತ್ತು.

ಪರದೆಯ ಮೇಲಿನ ಘಟ್ಟದ ತುದಿ ಮುಟ್ಟಿದ ದಿನ ಸರ್ವಿಯನ್ನು ಮೆರವಣಿಗೆಯ ಹಾಗೆ ನಿಜವಾದ ಬಸ್ಸಿಗೆ ಕರೆತಂದೆವು. ಬಯಲಲ್ಲಿ ಬಸ್ಸು ನಿಂತಿತ್ತು. ಅವಳು ಸೀಟಿನಲ್ಲಿ ಕೂತಳು, ಸ್ಟೇರಿಂಗು ಹಿಡಿದಳು, ಹಿಡಿದೇ ಇದ್ದಳು. ‘ಅಜ್ಜಿ, ಏನೂ ತಿಳೀತಿಲ್ಲ’ ಅಂದಳು. ಮುಖ ಬೆಳ್ಳಗಾಗಿತ್ತು. ಹಿಂದಿನಿಂದ ಬುಡೇನ್ ಸಾಬರು ತುಟಿ ಮುಂದೆ ಮಾಡಿ ‘ಟಿಂಗಿರಿ ಟಿಂಗಿರಿ ಟೀಂ’ ಅಂತ ಎಳೆದರು ನೋಡಿ, ಹುಡುಗಿಯ ಕೈ ಚಿಗುರಿಬಿಟ್ಟವು! ಗೇರು ಬಿತ್ತು, ಬಸ್ಸು ಹೊರಟಿತು. ಒಳಗಿದ್ದವರು, ಹೊರಗೆ ಓಡುತ್ತಿದ್ದವರು ಎಲ್ಲರೂ ರಾಗ ಹಿಡಿದರು. ಬಯಲನ್ನು ಒಂದು ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು. ‘ಆಹಾ, ಅಜ್ಜನ್ನ ಮೀರಿಸಿದಳು!’ ಅಂತ ಮಲ್ಲಣ್ಣ ಕೂಗಿದ. ಸುತ್ತು ಮುಗಿಯುತ್ತಲೇ ಇಲ್ಲ. ‘ನಿಲ್ಸಮ್ಮ, ಸಾಕು,’ ಅಂದರೆ ಅವಳು, ‘ನಿಲ್ಸೋದು ಹೆಂಗೆ? ಆಟ ಮುಗಿದ್ರೆ ತಾನೇ ನಿಲ್ಲತ್ತೆ!’ ಅಂದಳು. ಹಾಡುವವರಿಗೆ ಉಬ್ಬಸ ಬಂತು, ಒಬ್ಬೊಬ್ಬರೇ ನಿಲ್ಲಿಸಿದರು, ರಾಗ ನಿಂತಿತು. ಅವಳ ಕೈ ಕಲ್ಲಾದವು. ಬಸ್ಸು ನೆಟ್ಟಗೆ ಹೋಗಿ ಹುಲ್ಲಿನ ಬಣವೆಯೊಳಗೆ ಹೊಕ್ಕು ಕೆಮ್ಮಿ ಸುಮ್ಮನಾಯಿತು.

ಯಾರಿಗೂ ಏನೂ ಆಗಲಿಲ್ಲ. ಹುಲ್ಲು ಕೊಡವಿಕೊಂಡು ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ವಿ ಕೂದಲಿನಲ್ಲಿ ಹುಲ್ಲು ಸಿಕ್ಕಿಸಿಕೊಂಡೇ, ‘ಇನ್ನೊಂದ್ಸಲ!’ ಅಂತ ಚಪ್ಪಾಳೆ ತಟ್ಟಿದಳು. ಬಸ್ಸು ಮಿಣುಕಿ ಮತ್ತೆ ಬಯಲಿನ ಆ ತುದಿಯಲ್ಲಿ ನಿಲ್ಲುತ್ತದೆ ಅಂತ ಅತ್ತಲೇ ನೋಡುತ್ತಿದ್ದಳು. ಆ ನೋಟ ಕಂಡು ನನ್ನ ನಗು ನಿಂತಿತು. ಯಜಮಾನರ ಕಡೆ ನೋಡಿದೆ. ಅವರೂ ನಗುತ್ತಿರಲಿಲ್ಲ.

ಮಾರನೆಯ ದಿನ ನಾನು ಹೊಳೆಯಲ್ಲಿ ಬಟ್ಟೆ ಒಗೆದು ಬರುವಾಗ ಬಯಲಿನಿಂದ ಬೈಗುಳ ಕೇಳಿಸಿತು. ಓಡಿ ಹೋದೆ. ನಿಂತ ಬಸ್ಸಿನಲ್ಲಿ ಬುಡೇನ್ ಸಾಬರು ನಮ್ಮ ಯಜಮಾನರನ್ನು ಬೈಯುವುದು, ಬೈದ ಕೂಡಲೆ ನೆನಪು ಬಂದು ಇವರು ಸರ್ವಿಯನ್ನು ಬೈಯುವುದು, ಸರ್ವಿ ನಡುವಿನ ಪೆಡಲನ್ನು ಧಡ್ ಅಂತ ತುಳಿಯುವುದು. ಸಾಬರು ‘ಮಾಫ್ ಕರೋ ಭಾಯ್’ ಅಂತ ಕೈ ಮುಗಿದು ಮತ್ತೆ ಬೈಯುವುದು.

‘ಏನ್ರೀ ಇದು! ನಾನೇನು ಹೇಳಿದ್ದೆ? ಹೂವಿನಂಥ ಹುಡುಗಿಯ ಕಿವಿಗೆ ಇದನ್ನ ಸುರೀತಿದ್ದೀರಾ?’ ಒದ್ದೆ ಬಟ್ಟೆಯ ಬುಟ್ಟಿ ಅಲ್ಲೇ ಕುಕ್ಕಿದೆ.

‘ಮಿಕ್ಕಿದ್ದೆಲ್ಲ ನಗ್ತಾ ಕಲೀಲಿ ಕಣೇ,’ ಅಂದರು ಅವರು. ‘ನಾನು ಅಡ್ಡ ಬರಲ್ಲ. ಆ ಪೆಟ್ಟಿಗೆ ಕಲಿಸಿದ ಹಂಗೆ ತಿರುವು ತಗೊಳ್ಳೋದು ನನ್ನ ಉಸ್ತಾದನ ಕೈಲೂ ಆಗ್ತಿರಲಿಲ್ಲ. ಆದರೆ ಬ್ರೇಕು ಅದರ ಹತ್ರ ಇಲ್ಲ. ನನ್ನ ಹತ್ರ ಇದೆ. ನನ್ನ ಹತ್ರ ಇರೋದು ಹಿಂಗೇ ಬರೋದು, ನಾನೇನು ಮಾಡ್ಲಿ?’

ನಾನು ಬುಟ್ಟಿ ಎತ್ತಿಕೊಂಡು ಮನೆಗೆ ಹೋದೆ. ಎಂಟು ದಿನ ಅವರ ಕಾಫಿಗೆ ಬೆಲ್ಲ ಹಾಕಲಿಲ್ಲ. ಬೇರೆ ಯಾರು ಬೈದರೂ ಬೈಯಲಿ, ನನ್ನ ಬಾಯಿಂದ ಮಾತ್ರ ಆ ಹುಡುಗಿಗೆ ಒಂದು ಬಿರುಸು ಮಾತು ಬರಕೂಡದು ಅಂತ ಇನ್ನಷ್ಟು ಗಟ್ಟಿಯಾದೆ.

ಪರೀಕ್ಷೆಯ ದಿನ ಡಿಪೋದ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ನಾನು ವಾಡಿಕೆಯಂತೆ ‘ಸಾಹೇಬರು ಹೆಂಗೆ ಕಲಿತದ್ದು?’ ಅಂದೆ. ‘ಹೇಗೆ ಅಂದರೆ? ಪುಸ್ತಕ ಓದಿ!’ ಅಂತ ಗದರಿದರು. ಆಮೇಲೆ ಬಸ್ಸಿನ ಸುತ್ತ ತಿರುಗಿದರು, ಟೈರಿಗೆ ಬೂಟಿನಲ್ಲಿ ಒದ್ದರು, ಆಕಾಶ ನೋಡಿದರು. ಏನು ನೋಡಬೇಕೆಂಬುದೇ ಅವರಿಗೆ ತಿಳಿಯುತ್ತಿಲ್ಲ. ಕಡೆಗೆ ನನ್ನ ಹತ್ತಿರ ಬಂದು ಮೆಲ್ಲಗೆ, ‘ಅಜ್ಜೀ, ಒಂದು ಬಕೆಟ್ ತಣ್ಣೀರು ಸಿಗಬಹುದೇ? ಹಾಸ್ಟೆಲಿನಲ್ಲಿ ನಿದ್ದೆ ಬರಬಾರದು ಅಂತ ಕಾಲು ನೀರಲ್ಲಿಟ್ಟುಕೊಂಡು ಓದುತ್ತಿದ್ದೆ,’ ಅಂದರು. ಪಾಪ, ಬೂಟು ಬಿಚ್ಚಿ ಪ್ಯಾಂಟು ಮಡಚಿ, ಮುಂದಿನ ಸೀಟಿನಲ್ಲಿ ಬಕೆಟ್ಟಿನೊಳಗೆ ಕಾಲಿಟ್ಟು ಕೂತರು. ಕೂತದ್ದೇ ಮುಖಕ್ಕೆ ಕಳೆ ಬಂತು. ‘ಹಾರ್ನು! ಲೈಟು! ಹ್ಞಾಂ, ಹೊರಡಿ!’

ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಸೀಟಿನಿಂದ ಬುಡೇನ್ ಸಾಬರು ರಾಗ ಎತ್ತಿದರು, ಊರೆಲ್ಲ ಸೇರಿ ಹಿಡಿಯಿತು. ಸರ್ವಿ ಘಟ್ಟ ಇಳಿಸತೊಡಗಿದಳು. ಏನು ಓಡಿಸಿದಳು ಅಂತೀರಿ! ತಿರುವು ಬಂದರೆ ಬಸ್ಸು ನಾಗರಹಾವಿನ ಹಾಗೆ ಬಳುಕಿ ಹೋಗೋದು. ಪ್ರತಿ ತಿರುವಿಗೂ ಮಲ್ಲಣ್ಣ ‘ಟಿಣ್!’ ಅಂತ ಚುಕ್ಕಿ ಕೊಡುತ್ತಿದ್ದ. ಪುಟ್ಟಚ್ಚಿ ಸೀಟಿನ ಕಂಬಿ ಹಿಡಿದು ಕುಣಿಯುತ್ತಿದ್ದಳು. ಯಜಮಾನರು ನನ್ನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಬಸ್ಸಿನ ಸದ್ದು ಕೇಳುತ್ತಾ, ‘ಸೈ... ಸೈ...’ ಅನ್ನುತ್ತಿದ್ದರು. ನಾನು ಬಾನೆಟ್ಟಿನ ಮೇಲೆ, ನನ್ನ ಹಳೇ ಜಾಗದಲ್ಲಿ, ಬಾಯಿಗೆ ಕೆಲಸವಿಲ್ಲದೆ ಮೊದಲ ಸಲ ಕಿಟಕಿಯ ಹೊರಗೆ ನೋಡಿದೆ. ಘಟ್ಟದಲ್ಲಿ ಅಷ್ಟೊಂದು ಮುತ್ತುಗದ ಮರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕಾಲು ತಣ್ಣಗಾದಷ್ಟೂ ಸಾಹೇಬರಿಗೆ ಒಂದೊಂದೇ ಕಾನೂನು ನೆನಪಾಗುತ್ತಿತ್ತು. ಒರತೆ ತಿರುವು ಹತ್ತಿರ ಬರುವಾಗ ಧಡಕ್ಕನೆ ಬೆರಳೆತ್ತಿದರು. ‘ಚಾಲಕರಿಗೆ ತೊಂದರೆಯಾಗುವಂತೆ ಯಾರೂ ಸದ್ದು ಮಾಡಕೂಡದು! ಎಲ್ಲರೂ ಬಾಯಿ ಮುಚ್ಚಿ! ಇನ್ನೊಂದು ಮಾತು ಕೇಳಿಸಿದರೆ ಹುಡುಗಿ ಫೇಲು!’

ಬಸ್ಸು ಗಪ್‌ಚಿಪ್ ಆಯಿತು. ಉಸಿರು ಬಿಟ್ಟರೆ ಬಸ್ಸು ಹೋಗಿಬಿಡುತ್ತದೋ ಅನ್ನೋ ಹಾಗೆ ಎಲ್ಲರೂ ಅಂಗೈಯಿಂದ ಬಾಯಿ ಒತ್ತಿ ಹಿಡಿದರು. ಸರ್ವಿಯ ಕೈ ಕಲ್ಲಾದದ್ದು ನನಗೆ ಕಾಣಿಸಿತು. ಇಳಿಜಾರು. ಮುಂದೆ ಒರತೆಯ ಹತ್ತಿರ ರಸ್ತೆ ತುಂಬ ಕುರಿಮಂದೆ. ಅದರ ನಡುವೆ ಕುರಿ ಕಾಯುವ ಹೆಂಗಸೊಬ್ಬಳು ಮರಿಯೊಂದನ್ನು ಎತ್ತಿಕೊಂಡು ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದಾಳೆ. ಹಿಂದಿನವರಿಗೆ ಅದು ಕಾಣದು, ಯಜಮಾನರಿಗಂತೂ ಕಾಣದು. ಸಾಹೇಬರು ಬಕೆಟ್ಟಿನೊಳಗೆ ನೋಡುತ್ತಿದ್ದಾರೆ. ಕಂಡದ್ದು ನನಗೆ, ಅವಳಿಗೆ. ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಹುಲ್ಲಿನ ಬಣವೆಯ ದಿನದ ನಗು ಇರಲಿಲ್ಲ. ಈ ಬಸ್ಸು ಮಿಣುಕುವುದಿಲ್ಲ ಅಂತ ಅವಳಿಗೆ ಆ ಕ್ಷಣದಲ್ಲಿ ತಿಳಿದುಹೋಗಿತ್ತು.

ಬಾಯಿ ಬಿಟ್ಟರೆ ಅವಳ ಬಸ್ಸು ಹೋಯಿತು. ಬಿಡದಿದ್ದರೆ ಆ ಹೆಂಗಸು. ನನ್ನ ಹಟವೂ ಅಲ್ಲೇ ಗಂಟಲಲ್ಲಿ ಕೂತಿತ್ತು. ಎಲ್ಲವನ್ನೂ ಉಗುಳಿದೆ. ‘ಲೇ ಕತ್ತೇ! ಹಾಳಾದವಳೇ! ತುಳಿಯೇ ಬ್ರೇಕು! ಕಣ್ಣು ಎಲ್ಲಿಟ್ಟಿದ್ದೀಯೇ, ಕೋಣನ ಮೊಮ್ಮಗಳೇ!’

ಅವಳ ಕಾಲು ನಡುವಿನ ಪೆಡಲಿನ ಮೇಲೆ ಬಿತ್ತು. ಬಸ್ಸು ಕಿರ್ರೋ ಅಂತ ಕಿರುಚಿ, ಹಿಂಬದಿ ಎತ್ತಿ, ಕುಕ್ಕಿ ನಿಂತಿತು. ಕಡೆಯ ಕುರಿಯ ಬಾಲ ಬಂಪರನ್ನು ಸವರಿತು. ಕುರಿ ಕಾಯುವ ಹೆಂಗಸು ತಿರುಗಿ ನೋಡಿ, ನಾನು ಬೈದದ್ದಕ್ಕಿಂತ ಚೆನ್ನಾಗಿ ನಮ್ಮನ್ನೆಲ್ಲ ಬೈದಳು. ಅದನ್ನು ಕೇಳಿ ಯಜಮಾನರಿಗೆ ಹಿಂದಿನ ಸೀಟಿನಲ್ಲೇ ಕಾಲು ಕುಣಿಯಿತು.

ಸಾಹೇಬರ ಬಕೆಟ್ಟು ಮಗುಚಿ ನೀರೆಲ್ಲ ಸೀಟುಗಳ ಕೆಳಗೆ ಹರಿದುಹೋಗಿತ್ತು. ಅವರು ಒದ್ದೆ ಫೈಲು ಹಿಡಿದು ಕಣ್ಣು ಪಿಳಿಪಿಳಿ ಬಿಟ್ಟರು. ‘ನಾನು... ಈಗ ಏನು ಮಾಡಬೇಕಿತ್ತು?’

ಬುಡೇನ್ ಸಾಬರು ಹಿಂದಿನಿಂದ ಸೀಟುಗಳನ್ನು ದಾಟಿ ಬಂದರು. ‘ಏನಿಲ್ಲ ಸಾಹೇಬ್ರೇ, ಇಲ್ಲೊಂದು ಸಹಿ ಹಾಕಬೇಕಿತ್ತು, ಅಷ್ಟೇ,’ ಅಂತ ಪೆನ್ನು ಮುಂದೆ ಹಿಡಿದರು. ಎಲ್ಲರ ಕಣ್ಣೂ ಹೊಳೆದವು, ನನ್ನವೂ. ಸಾಹೇಬರು ಪೆನ್ನನ್ನು ಕೈಗೆ ತಗೊಂಡೂ ಆಯಿತು, ಇನ್ನು ಸಹಿ ಗೀಚುವುದೊಂದೇ ಬಾಕಿ.

ಸರ್ವಿ ಸೀಟಿನಿಂದ ಇಳಿದಳು. ಬಕೆಟ್ಟು ಎತ್ತಿಕೊಂಡು ಒರತೆಗೆ ಹೋಗಿ ತುಂಬಿಸಿ ತಂದು ಸಾಹೇಬರ ಮುಂದೆ ಇಟ್ಟಳು. ‘ಲೇ ಹುಚ್ಚಿ!’ ಅಂತ ಸಾಬರು ಹಲ್ಲು ಕಚ್ಚಿದರು. ‘ಕಾಲು ಇಡಿ ಸಾರ್,’ ಅಂದಳು ಅವಳು.

ಒರತೆಯ ನೀರು, ಮಂಜಿನ ಹಾಗೆ. ಸಾಹೇಬರು ‘ಹಾ!’ ಅಂತ ನಡುಗಿದರು. ಓದಿದ್ದೆಲ್ಲ ಒಟ್ಟಿಗೇ ಬಂದಿರಬೇಕು, ಬಹಳ ಹೊತ್ತು ತುಟಿ ಅಲ್ಲಾಡಿಸುತ್ತಿದ್ದರು. ರಸ್ತೆ ನೋಡಿದರು, ಕುರಿ ನೋಡಿದರು, ನನ್ನನ್ನು ನೋಡಿದರು. ‘ಸದ್ದು ಮಾಡಬಾರದು ಅನ್ನೋದು ಕಾನೂನು,’ ಅಂದರು. ನಾನು ಇಳಿಯೋಣ ಅಂತ ಗೋಣಿಚೀಲ ಮಡಚಿದೆ. ‘ಅದರ ಮುಂದಿನ ಪುಟದಲ್ಲಿ ಇನ್ನೊಂದಿದೆ. ಬಸ್ಸು ಓಡಲು, ನಿಲ್ಲಲು ಬೇಕಾದ ಸಲಕರಣೆಗಳೆಲ್ಲ ಬಸ್ಸಿನಲ್ಲೇ ಇರಬೇಕು, ಸುಸ್ಥಿತಿಯಲ್ಲಿರಬೇಕು. ಹಾಡುವ ಪ್ರಯಾಣಿಕರು ಇದ್ದಾರೆ. ಜಾಕು ಇದೆ. ಸ್ಟೆಪ್ನಿ ಇದೆ.’ ನನ್ನ ಕಡೆ ಬೆರಳು ಮಾಡಿದರು. ‘ಅಜ್ಜಿ ಒಂದು. ಸುಸ್ಥಿತಿಯಲ್ಲಿದೆ. ಪಾಸು!’

ಆ ಕೂಗು ಕೇಳಿ ಕುರಿಮಂದೆ ದಿಕ್ಕಾಪಾಲಾಯಿತು. ಮಲ್ಲಣ್ಣ ಎಷ್ಟು ಸಲ ‘ಟಿಣ್’ ಅಂದನೋ, ಲೆಕ್ಕ ಹೇಳಲು ಅವನ ನೆತ್ತಿಗೆ ಕುಟ್ಟುವವರಿರಲಿಲ್ಲ. ಯಜಮಾನರು ಕೈಯಿಂದ ತಡಕಿ ನನ್ನ ಹೆಗಲು ಹುಡುಕಿ ಹಿಡಿದುಕೊಂಡರು. ನಾನು ಅಳುತ್ತಿದ್ದೆ. ‘ಬೈದುಬಿಟ್ಟೆ ಕಣೇ,’ ಅಂದೆ ಸರ್ವಿಗೆ. ಅವಳು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, ‘ಅಜ್ಜಂಗೆ ಬೈತಿದ್ದಾಗ ಎಷ್ಟು ಜೋರಾಗಿರ್ತಿದ್ದೆ. ನನಗೆ ಒಂಚೂರು ಕಮ್ಮಿ ಮಾಡಿದೆ ಅಜ್ಜಿ,’ ಅಂದಳು.

ಈಗ ನಮ್ಮ ಬಸ್ಸು ಹಾಡಿಕೊಂಡು ಹೋಗುತ್ತದೆ, ಬೈಸಿಕೊಂಡು ನಿಲ್ಲುತ್ತದೆ. ಬುಡೇನ್ ಸಾಬರು ಬಾಗಿಲ ಒತ್ತು ತೆಗೆದು ಪೆಡಲನ್ನು ಮತ್ತೆ ಅದರ ಜಾಗಕ್ಕೆ ಬಿಗಿದಿದ್ದಾರೆ. ಗಾಳಿ ಬಂದಾಗ ಬಾಗಿಲು ಧಡಾರ್ ಧಡಾರ್ ಅಂತ ಬಡಿದುಕೊಳ್ಳುತ್ತದೆ, ಬಡಿದುಕೊಳ್ಳಲಿ. ಊರಿನ ಚಿಕ್ಕ ಮಕ್ಕಳೆಲ್ಲ ಆ ಸ್ಟೇರಿಂಗಿಗೆ ಸಾಲು ನಿಲ್ಲುತ್ತವೆ. ಬಸ್ಸಿನ ಕೆಲಸ ಮುಗಿದ ಮೇಲೆ ನಾನೂ ಅಲ್ಲಿಗೆ ಹೋಗಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತೇನೆ. ಪರದೆಯಲ್ಲಿ ಬಸ್ಸು ಅಂಚಿಗೆ ಹೋದಾಗ ಮಗುವಿನ ಕಿವಿಯ ಹತ್ತಿರ ಬಾಗಿ, ನನ್ನ ಸ್ವಂತ ದನಿಯಲ್ಲಿ, ಬೆಕ್ಕಿಗೆ ಹೇಳುವ ದನಿಯಲ್ಲಿ, ‘ಸಾಕು ಕಂದ, ನಿಲ್ಲು,’ ಅನ್ನುತ್ತೇನೆ. ಪುಟ್ಟ ಪಾದ ನಡುವಿನ ಪೆಡಲು ತುಳಿಯುತ್ತದೆ. ಚುಕ್ಕಿ ಆರಿ ಹೋಗುತ್ತದೆ. ಬಸ್ಸು ನಿಲ್ಲುತ್ತದೆ.